ಟ್ಯಾಂಗೋ ಕಲಿಸುವ ವಿಡಿಯೋಗಳಲ್ಲಿ ಕಾಣದ್ದು

ಟ್ಯಾಂಗೋ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಿನಿಮಾ. 1992ರಲ್ಲಿ ಬಂದ ‘ಸೆಂಟ್ ಆಫ್ ಎ ವುಮನ್’ ಎಂಬ ಅಮೆರಿಕದ ಚಿತ್ರದಲ್ಲಿ ಅಲ್ ಪಚಿನೋ ನಿವೃತ್ತ ಸೇನಾಧಿಕಾರಿಯ ಪಾತ್ರ ವಹಿಸಿದ್ದಾರೆ. ಆ ಅಧಿಕಾರಿಗೆ ಕಣ್ಣು ಕಾಣದು. ಹೋಟೆಲೊಂದರಲ್ಲಿ ನೃತ್ಯದ ಜಾಗದ ಉದ್ದಗಲವನ್ನು ಜೊತೆಗಿದ್ದ ಹುಡುಗನಿಂದ ಕೇಳಿ ತಿಳಿದುಕೊಂಡು, ಅಷ್ಟೇನೂ ಪರಿಚಯವಿಲ್ಲದ ಯುವತಿಯೊಬ್ಬಳ ಕೈಹಿಡಿದು ಅವನು ಕುಣಿಯುತ್ತಾನೆ. ಆ ದೃಶ್ಯವನ್ನು ನೋಡಿದವರು ಮರೆಯುವುದಿಲ್ಲ. ಕಣ್ಣಿಲ್ಲದವನು ಇನ್ನೊಬ್ಬರನ್ನು ನಡೆಸಬಲ್ಲ ನೃತ್ಯ ಅದು ಎಂಬ ಸಂಗತಿ ಮಾತ್ರ ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ.

ಇಂದು ಇಂಥ ದೃಶ್ಯವನ್ನು ನೋಡಿ ಮನಸೋತ ಯುವಕನೋ ಯುವತಿಯೋ ಮೊದಲು ಮಾಡುವ ಕೆಲಸ ಮೊಬೈಲ್ ತೆರೆದು ‘ಟ್ಯಾಂಗೋ ಕಲಿಯುವುದು ಹೇಗೆ’ ಎಂದು ಹುಡುಕುವುದು. ಸಾವಿರಾರು ವಿಡಿಯೋಗಳು ಎದುರು ನಿಲ್ಲುತ್ತವೆ. ಕೆಲವು ಉಚಿತ, ಕೆಲವಕ್ಕೆ ತಿಂಗಳ ಚಂದಾ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಪ್ರಶ್ನೆ ಸಣ್ಣದು. ಆದರೆ ಕಣ್ಣಿನ ಸಹಾಯವಿಲ್ಲದೆ ನಡೆಯಬಲ್ಲ ನೃತ್ಯವೊಂದನ್ನು ಕೇವಲ ಕಣ್ಣಿನ ಮೂಲಕ ಕಲಿಸಲು ಹೊರಟಾಗ ಏನಾಗುತ್ತದೆ ಎಂಬ ದೊಡ್ಡ ಪ್ರಶ್ನೆಯೊಂದು ಅದರೊಳಗಿದೆ.

ಇದೆಲ್ಲ ನಮಗೇಕೆ ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು. ಟ್ಯಾಂಗೋ ಕಲಿಯಿರಿ ಎಂದು ನಾವು ಯಾರಿಗೂ ಹೇಳಹೊರಟಿಲ್ಲ. ಗಂಡು ಹೆಣ್ಣು ಅಪ್ಪಿಕೊಂಡು ಕುಣಿಯುವ ನೃತ್ಯ ಹಲವರಿಗೆ ಒಗ್ಗುವುದಿಲ್ಲ ಎಂಬುದೂ ನಮಗೆ ಗೊತ್ತು. ಅದು ಅವರವರ ಮನಸ್ಸಾಕ್ಷಿಗೆ ಬಿಟ್ಟ ವಿಚಾರ. ಆದರೆ ಬಡವರ ನಡುವೆ, ಬಾಯಿಯಿಂದ ಬಾಯಿಗೆ, ಮೈಯಿಂದ ಮೈಗೆ ದಾಟುತ್ತ ಬಂದ ಒಂದು ಕಲೆ ಮಾರಾಟದ ಪಾಠವಾದಾಗ ಏನನ್ನು ಉಳಿಸಿಕೊಳ್ಳುತ್ತದೆ, ಯಾರನ್ನು ಕೈಬಿಡುತ್ತದೆ ಎಂಬುದು ಎಲ್ಲರೂ ಯೋಚಿಸಬೇಕಾದ ಸಂಗತಿ.

ಟ್ಯಾಂಗೋ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ರಿಯೋ ದ ಲಾ ಪ್ಲಾಟಾ ನದಿಯ ಎರಡು ದಡಗಳಲ್ಲಿ. ಒಂದು ದಡದಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್, ಇನ್ನೊಂದರಲ್ಲಿ ಉರುಗ್ವೆಯ ಮಾಂಟೆವಿಡಿಯೋ. ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ಮಕ್ಕಳು ಮೊಮ್ಮಕ್ಕಳು ಉಳಿಸಿಕೊಂಡಿದ್ದ ಕಾಂದೊಂಬೆ ಎಂಬ ತಾಳವಾದ್ಯದ ಕುಣಿತ, ಹಳ್ಳಿಯಿಂದ ನಗರಕ್ಕೆ ಬಂದವರ ಹಾಡು, ಹಡಗಿನಲ್ಲಿ ಬಂದಿಳಿದ ಇಟಲಿ ಮತ್ತು ಸ್ಪೇನಿನ ಬಡವರ ಸಂಗೀತ ಎಲ್ಲವೂ ಅಲ್ಲಿ ಸೇರಿಕೊಂಡವು. ಒಟ್ಟೊಮನ್ ಪಾಸ್‌ಪೋರ್ಟ್ ಹಿಡಿದು ಸಿರಿಯಾ, ಲೆಬನಾನ್‌ಗಳಿಂದ ಬಂದವರೂ ಅದೇ ಬಂದರಿನಲ್ಲಿ ಇಳಿದರು. ಅವರನ್ನು ಅಲ್ಲಿನ ಜನ ‘ತುರ್ಕೋ’ ಎಂದು ಕರೆದರು. 1914ರ ಜನಗಣತಿಯ ಹೊತ್ತಿಗೆ ಬ್ಯೂನಸ್ ಐರಿಸ್ ನಗರದ ನಿವಾಸಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಹೊರದೇಶದಲ್ಲಿ ಹುಟ್ಟಿದವರು. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ತುಂಬಿಕೊಂಡಿದ್ದ ವಠಾರಗಳಲ್ಲಿ, ಭಾಷೆ ಸರಿಯಾಗಿ ಬಾರದವರ ನಡುವೆ ಈ ನೃತ್ಯ ಬೆಳೆಯಿತು. ಅರ್ಜೆಂಟೀನಾದ ಸಿರಿವಂತರು ಮೊದಮೊದಲು ಅದನ್ನು ಕೀಳೆಂದು ದೂರವಿಟ್ಟರು. 1913ರ ಸುಮಾರಿಗೆ ಪ್ಯಾರಿಸ್ ನಗರಕ್ಕೆ ಟ್ಯಾಂಗೋ ಹುಚ್ಚು ಹಿಡಿದ ಮೇಲೆ ಅವರ ಮನೆಯ ಬಾಗಿಲೂ ಅದಕ್ಕೆ ತೆರೆಯಿತು. ತನ್ನ ಮನೆಯ ವಸ್ತುವಿಗೆ ಪರದೇಶದವರು ಬೆಲೆ ಕಟ್ಟುವವರೆಗೆ ಅದನ್ನು ತಿರುಗಿ ನೋಡದ ಸಮಾಜ ಅದೊಂದೇ ಅಲ್ಲ.

ಇದನ್ನು ಕಲಿಯುತ್ತಿದ್ದುದು ಹೇಗೆ? 1935ರಿಂದ 1955ರವರೆಗಿನ ಎರಡು ದಶಕಗಳನ್ನು ಟ್ಯಾಂಗೋದ ಸುವರ್ಣಯುಗ ಎನ್ನುತ್ತಾರೆ. ಆ ಕಾಲದಲ್ಲಿ ಕುಣಿದ ಹಿರಿಯರು ಹೇಳಿಕೊಂಡ ಪ್ರಕಾರ, ಹುಡುಗರು ಮೊದಲು ಹೋಗುತ್ತಿದ್ದುದು ‘ಪ್ರಾಕ್ಟಿಕಾ’ ಎಂಬ ಅಭ್ಯಾಸಕೂಟಕ್ಕೆ. ಅಲ್ಲಿ ಗಂಡಸರಷ್ಟೇ ಇರುತ್ತಿದ್ದರು. ಹೊಸ ಹುಡುಗ ಕೆಲವು ಕಾಲ ಸುಮ್ಮನೆ ನೋಡಬೇಕು. ಆಮೇಲೆ ಹಿರಿಯನೊಬ್ಬ ಅವನನ್ನು ಕರೆದು ಹೆಣ್ಣಿನ ಪಾತ್ರದಲ್ಲಿ ನಿಲ್ಲಿಸಿ ನಡೆಸುತ್ತಿದ್ದ. ತಿಂಗಳುಗಟ್ಟಲೆ ಹೀಗೆ ಇನ್ನೊಬ್ಬರ ಸೂಚನೆಗೆ ಮೈಗೊಟ್ಟು ನಡೆದ ಮೇಲಷ್ಟೇ ತಾನು ನಡೆಸುವ ಸರದಿ. ಹೆಣ್ಣುಮಕ್ಕಳು ಮನೆಯಲ್ಲಿ ಅಕ್ಕ, ಅತ್ತೆ, ಅಣ್ಣಂದಿರ ಜೊತೆ ಕಲಿಯುತ್ತಿದ್ದರು. ಇನ್ನೊಬ್ಬರನ್ನು ನಡೆಸಬೇಕಾದವನು ಮೊದಲು ನಡೆಸಿಕೊಳ್ಳುವುದು ಹೇಗಿರುತ್ತದೆ ಎಂದು ತನ್ನ ಮೈಯಲ್ಲೇ ತಿಳಿದಿರಬೇಕು ಎಂಬುದು ಈ ಕ್ರಮದ ತಿರುಳು. ಇದನ್ನು ನೆನಪಿಟ್ಟುಕೊಂಡರೆ ಇಂದಿನ ವಿಡಿಯೋಗಳನ್ನು ಅಳೆಯಲು ಒಂದು ಒಳ್ಳೆಯ ಮಾಪನ ಸಿಗುತ್ತದೆ.

1955ರಲ್ಲಿ ಪೆರೋನ್ ಸರಕಾರವನ್ನು ಸೈನ್ಯ ಉರುಳಿಸಿತು. ರಾಜಕೀಯ ಬದಲಾಯಿತು, ರಾಕ್ ಸಂಗೀತ ಬಂತು, ಟ್ಯಾಂಗೋ ಹಿಮ್ಮೆಟ್ಟಿತು. ಒಂದಿಡೀ ತಲೆಮಾರು ಅದನ್ನು ಕಲಿಯದೆ ಬೆಳೆಯಿತು. ಮತ್ತೆ ಅದು ತಲೆಯೆತ್ತಿದ್ದು 1983ರಲ್ಲಿ. ಕ್ಲಾಡಿಯೋ ಸೆಗೋವಿಯಾ ಮತ್ತು ಎಕ್ತರ್ ಒರೆಸೋಲಿ ಎಂಬಿಬ್ಬರು ‘ಟ್ಯಾಂಗೋ ಅರ್ಜೆಂಟಿನೋ’ ಎಂಬ ರಂಗಪ್ರದರ್ಶನವನ್ನು ಪ್ಯಾರಿಸ್‌ಗೆ ಕೊಂಡೊಯ್ದರು. 1985ರಲ್ಲಿ ಅದು ನ್ಯೂಯಾರ್ಕಿನ ಬ್ರಾಡ್‌ವೇಗೂ ಹೋಯಿತು. ಅದರಲ್ಲಿ ಹುವಾನ್ ಕಾರ್ಲೋಸ್ ಕೋಪೆಸ್ ಮತ್ತು ಮರಿಯಾ ನಿಯೆವೆಸ್ ಅವರಂಥ ರಂಗದ ತಾರೆಗಳಿದ್ದರು. ಜೊತೆಗೆ ನಡುವಯಸ್ಸು ದಾಟಿದ, ದಪ್ಪ ಮೈಯ ವಿರುಲಾಸೋ ಮತ್ತು ಅವರ ಪತ್ನಿ ಎಲ್ವಿರಾ ಕೂಡ ಇದ್ದರು. ಈ ಮೈಕಟ್ಟಿನವರೂ ಇಷ್ಟು ಹಗುರವಾಗಿ ಕುಣಿಯಬಲ್ಲರೇ ಎಂದು ಪ್ರೇಕ್ಷಕರು ಬೆರಗಾದರು. ಜಗತ್ತಿನ ಹಲವೆಡೆ ಕಲಿಯುವ ಆಸೆ ಹುಟ್ಟಿತು; ಕಲಿಸುವವರು ಮಾತ್ರ ಬೆರಳೆಣಿಕೆಯಷ್ಟು. ಈ ಹಸಿವಿಗೆ ಉತ್ತರವಾಗಿ ಬಂದದ್ದು ವಿಡಿಯೋ ಕ್ಯಾಸೆಟ್.

1990ರ ದಶಕದಲ್ಲಿ ಡೇನಿಯಲ್ ಟ್ರೆನರ್ ಎಂಬ ಅಮೆರಿಕದ ಶಿಕ್ಷಕರು ಬ್ಯೂನಸ್ ಐರಿಸ್‌ನ ಹಿರಿಯರ ಪಾಠಗಳನ್ನು ಚಿತ್ರಿಸಿ, ಇಂಗ್ಲಿಷ್ ವಿವರಣೆಯೊಂದಿಗೆ ಕ್ಯಾಸೆಟ್‌ಗಳನ್ನು ಹೊರತಂದರು. ಪ್ರವಾಸಕ್ಕೆ ಹೋದವರು ಅಲ್ಲಿಂದ ಕೊಂಡು ತಂದ ಕ್ಯಾಸೆಟ್‌ಗಳು ಹಲವೊಮ್ಮೆ ಊರಿನ ಯಂತ್ರದಲ್ಲಿ ಓಡುತ್ತಲೇ ಇರಲಿಲ್ಲ. ಒಂದೊಂದು ದೇಶದ ಟಿ.ವಿ. ಪದ್ಧತಿ ಒಂದೊಂದು ಬಗೆ. ಆಮೇಲೆ ಡಿವಿಡಿ ಬಂತು, 2005ರಲ್ಲಿ ಯೂಟ್ಯೂಬ್ ಬಂತು. 2009ರಲ್ಲಿ ಯುನೆಸ್ಕೋ ಸಮಿತಿ, ನಮ್ಮ ಕರಾವಳಿಯವರಿಗೆ ಚಿರಪರಿಚಿತವಾದ ಅಬುಧಾಬಿಯಲ್ಲಿ ಸಭೆ ಸೇರಿ, ಟ್ಯಾಂಗೋವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2020ರಲ್ಲಿ ಕೊರೋನಾ ಬಂದು ಬ್ಯೂನಸ್ ಐರಿಸ್‌ನ ನೃತ್ಯಕೂಟಗಳೆಲ್ಲ ಮುಚ್ಚಿದಾಗ, ಅಪ್ಪುಗೆಯೇ ಜೀವವಾಗಿದ್ದ ಕಲೆಯ ಶಿಕ್ಷಕರು ಹೊಟ್ಟೆಪಾಡಿಗಾಗಿ ಮನೆಯ ಕೋಣೆಯಲ್ಲಿ ಒಬ್ಬೊಬ್ಬರೇ ಕ್ಯಾಮರಾದ ಮುಂದೆ ನಿಲ್ಲಬೇಕಾಯಿತು. ಹಾಗಾಗಿ ವಿಡಿಯೋ ಪಾಠವನ್ನು ಒಟ್ಟಾರೆ ಹೀಗಳೆಯುವ ಮನಸ್ಸು ನಮಗಿಲ್ಲ. ಅದು ಕೆಲವರ ಅನ್ನ, ದೂರದವರ ಏಕೈಕ ದಾರಿ. ಆದರೆ ಎಲ್ಲ ವಿಡಿಯೋಗಳೂ ಒಂದೇ ಅಲ್ಲ.

ನಾವು ನೋಡಿದ ವಿಡಿಯೋಗಳಲ್ಲಿ ಹೆಚ್ಚಿನವು ಮೊದಲ ತಪ್ಪನ್ನು ಮಾಡುವುದು ಜಾಗದ ವಿಷಯದಲ್ಲಿ. ಟ್ಯಾಂಗೋ ಜನ ಸೇರಿ ಕುಣಿಯುವ ಕೂಟಕ್ಕೆ ‘ಮಿಲೋಂಗಾ’ ಎನ್ನುತ್ತಾರೆ. ಅಲ್ಲಿ ಜೋಡಿಗಳು ಒಂದರ ಹಿಂದೆ ಒಂದರಂತೆ, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಅಂಗಳವನ್ನು ಸುತ್ತುತ್ತವೆ. ಈ ಸುತ್ತಿಗೆ ‘ರೋಂದಾ’ ಎಂದು ಹೆಸರು. ಮುಂದಿನ ಜೋಡಿ ನಿಂತರೆ ನೀವೂ ನಿಲ್ಲಬೇಕು, ಹಿಂದಿನವರಿಗೆ ತಾಗಬಾರದು. ವಿಡಿಯೋದಲ್ಲಿ ಮಾತ್ರ ಕನ್ನಡಿಯ ಗೋಡೆಯ ಖಾಲಿ ಕೋಣೆ, ಒಂದೇ ಜೋಡಿ. ಅದರ ಪರಿಣಾಮ ಪಾಠದೊಳಗೂ ಕಾಣಿಸುತ್ತದೆ. ಹೊಸಬರಿಗೆ ಹೇಳಿಕೊಡುವ ಎಂಟು ಹೆಜ್ಜೆಯ ‘ಮೂಲಪಾಠ’ ಬಹುಕಾಲದಿಂದ ಚಾಲ್ತಿಯಲ್ಲಿದೆ. ಅದರ ಮೊದಲ ಹೆಜ್ಜೆಯಲ್ಲಿ ನಡೆಸುವವನು ಬಲಗಾಲನ್ನು ಹಿಂದಕ್ಕಿಡುತ್ತಾನೆ. ಖಾಲಿ ಕೋಣೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ತುಂಬಿದ ಅಂಗಳದಲ್ಲಿ ಅದೇ ಹೆಜ್ಜೆ ಹಿಂದೆ ಬರುತ್ತಿರುವವರ ಕಾಲ ಮೇಲೆ ಬೀಳುತ್ತದೆ. ಬಸ್ಸು ಓಡಿಸುವುದನ್ನು ರಿವರ್ಸ್ ಗೇರಿನಿಂದ ಕಲಿಸಲು ಆರಂಭಿಸಿದ ಹಾಗೆ. ಯಾವುದೇ ವಿಡಿಯೋದ ಮೊದಲ ಪಾಠದಲ್ಲಿ ಈ ಹಿಂಹೆಜ್ಜೆ ಇದ್ದು, ಅದು ಅಭ್ಯಾಸಕ್ಕೆ ಮಾತ್ರ, ಕೂಟದಲ್ಲಿ ಹಾಕಬೇಡಿ ಎಂಬ ಒಂದು ಮಾತೂ ಇಲ್ಲದಿದ್ದರೆ, ಆ ಶಿಕ್ಷಕರು ನಿಮ್ಮನ್ನು ಜನರ ನಡುವೆ ಕುಣಿಯಲು ಸಿದ್ಧಗೊಳಿಸುತ್ತಿಲ್ಲ ಎಂದೇ ತಿಳಿಯಬೇಕು.

ಇದಕ್ಕೆ ಹತ್ತಿರದ ಇನ್ನೊಂದು ತಪ್ಪು, ಪ್ರದರ್ಶನವನ್ನು ನೃತ್ಯವೆಂದು ಭ್ರಮಿಸುವುದು. ಮಿಲೋಂಗಾಗಳಲ್ಲಿ ಕೆಲವು ರಾತ್ರಿ ಅಂಗಳವನ್ನು ಖಾಲಿ ಮಾಡಿಸಿ, ವೃತ್ತಿಪರ ಜೋಡಿಯೊಂದನ್ನು ಕುಣಿಸುವುದುಂಟು. ಅಂತರ್ಜಾಲದಲ್ಲಿ ಅತಿ ಹೆಚ್ಚು ಮಂದಿ ನೋಡುವುದು ಇಂಥ ತುಣುಕುಗಳನ್ನೇ. ಕಾಲನ್ನು ಗಾಳಿಯಲ್ಲಿ ಬೀಸುವ ‘ಬೊಲಿಯೋ’, ಜೊತೆಗಾರರ ಕಾಲಿಗೆ ಕಾಲನ್ನು ಕೊಕ್ಕೆಯಂತೆ ಹಾಕುವ ‘ಗಾಂಚೊ’ ಇವೆಲ್ಲ ಅಲ್ಲಿ ಹೇರಳ. ಮೂವತ್ತು ಸೆಕೆಂಡಿನ ತುಣುಕಿನಲ್ಲಿ ಇವನ್ನೇ ಕಲಿಸುವ ಪಾಠಗಳೂ ಧಾರಾಳ. ಜನಸಂದಣಿಯ ಅಂಗಳದಲ್ಲಿ ಎತ್ತರಕ್ಕೆ ಬೀಸಿದ ಹಿಮ್ಮಡಿಯ ಚೂಪು ಪಕ್ಕದವರ ಕಾಲನ್ನು ಸೀಳಬಲ್ಲದು ಎಂದು ಅವು ಹೇಳುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಸಾಮಾನ್ಯ ರಾತ್ರಿಯೊಂದರ ರೋಂದಾವನ್ನು ದೂರದಿಂದ ಚಿತ್ರಿಸಿದ ವಿಡಿಯೋಗಳೂ ಸಿಗುತ್ತವೆ. ಅವನ್ನು ನೋಡುವವರು ಕಡಿಮೆ. ಅಲ್ಲಿ ಏನೂ ನಡೆಯುತ್ತಿಲ್ಲವೆಂದೇ ಕಾಣುತ್ತದೆ: ಎಪ್ಪತ್ತು ದಾಟಿದ ಗಂಡಸರು, ಸಾದಾ ಉಡುಪಿನ ಹೆಂಗಸರು, ನಡಿಗೆ, ಸಣ್ಣ ತಿರುವು, ನಿಲುಗಡೆ, ಮತ್ತೆ ನಡಿಗೆ. ಹತ್ತು ನಿಮಿಷ ತಾಳ್ಮೆಯಿಂದ ನೋಡಿದರೆ, ಇಷ್ಟು ಮಂದಿ ಇಷ್ಟು ಇಕ್ಕಟ್ಟಿನಲ್ಲಿ ಒಬ್ಬರಿಗೊಬ್ಬರು ತಾಗದೆ ಸಾಗುತ್ತಿರುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಎದ್ದಲ್ಲಿಂದ ನಿಜವಾದ ಪಾಠ ಶುರು. ನಮ್ಮನ್ನು ಕೇಳಿದರೆ ಹೊಸಬರು ಮೊದಲು ನೋಡಬೇಕಾದದ್ದು ಈ ‘ಏನೂ ನಡೆಯದ’ ವಿಡಿಯೋಗಳನ್ನು.

ಎರಡನೆಯದು ಹೆಣ್ಣಿನ ವಿಷಯ. ಪಾಠದ ವಿಡಿಯೋ ಒಂದನ್ನು ತೆರೆದು ಯಾರು ಮಾತಾಡುತ್ತಾರೆ ಎಂದು ಗಮನಿಸಿ. ಬಹಳಷ್ಟು ಸಲ ವಿವರಿಸುವವನು ಗಂಡಸು. ಆಕೆ ನಗುತ್ತಾ ಪಕ್ಕದಲ್ಲಿ ನಿಂತು, ಕರೆದಾಗ ಬಂದು, ತೋರಿಸಿ, ಮತ್ತೆ ಪಕ್ಕಕ್ಕೆ ಸರಿಯುತ್ತಾಳೆ. ಕ್ಯಾಮರಾ ಅವನ ಪಾದವನ್ನು ಹಿಂಬಾಲಿಸುತ್ತದೆ. ಅನುಸರಿಸುವುದೆಂದರೆ ಸುಮ್ಮನೆ ಎಳೆದತ್ತ ಹೋಗುವುದು ಎಂಬ ಭಾವನೆ ಕಲಿಯುವವರಲ್ಲಿ ಮೂಡುತ್ತದೆ. ಇದು ಅನ್ಯಾಯ ಮಾತ್ರವಲ್ಲ, ತಪ್ಪು ಪಾಠ ಕೂಡ. ಅನುಸರಿಸುವವಳು ತನ್ನ ತೂಕವನ್ನು ತಾನೇ ಹೊತ್ತು, ತನ್ನ ಸಮತೋಲವನ್ನು ತಾನೇ ಕಾಯ್ದುಕೊಂಡು, ಬಂದ ಸೂಚನೆಯನ್ನು ಕೇಳಿಸಿಕೊಂಡು, ಎಷ್ಟು ಹೊತ್ತಿನಲ್ಲಿ ಹೇಗೆ ಹೆಜ್ಜೆಯಿಡಬೇಕೆಂದು ತೀರ್ಮಾನಿಸುತ್ತಾಳೆ. ಆಕೆಯ ಹೆಜ್ಜೆ ಮುಗಿಯುವವರೆಗೆ ಅವನು ಕಾಯಲೇಬೇಕು. ಹಳೆಯ ಪ್ರಾಕ್ಟಿಕಾದ ಹುಡುಗನಿಗೆ ಇದು ಗೊತ್ತಿರುತ್ತಿತ್ತು, ಯಾಕೆಂದರೆ ಅವನು ಆ ಜಾಗದಲ್ಲಿ ನಿಂತವನು. ಹಾಗೆಂದು ಹಳೆಯ ಕಾಲವನ್ನು ನಾವು ಹೊಗಳುತ್ತಿಲ್ಲ. ಗಂಡಿನ ದರ್ಪ ಆ ಅಂಗಳದಲ್ಲಿ ಬೇಕಾದಷ್ಟಿತ್ತು. ಅದನ್ನು ಪ್ರಶ್ನಿಸುವ ಹೆಣ್ಣುಮಕ್ಕಳ ಚಳವಳಿ ಇತ್ತೀಚಿನ ವರ್ಷಗಳಲ್ಲಿ ಬ್ಯೂನಸ್ ಐರಿಸ್‌ನಲ್ಲೇ ಎದ್ದಿದೆ. ಇಬ್ಬರೂ ಎರಡೂ ಪಾತ್ರ ಕಲಿಯುವ, ಹೆಣ್ಣು ನಡೆಸುವ ಕೂಟಗಳೂ ಅಲ್ಲಿವೆ. ಒಳ್ಳೆಯ ವಿಡಿಯೋದಲ್ಲಿ ಇಬ್ಬರೂ ಮಾತಾಡುತ್ತಾರೆ. ತನ್ನ ಮೈಗೆ ಸೂಚನೆ ಹೇಗೆ ತಲುಪಿತು, ಎಲ್ಲಿ ತಲುಪಲಿಲ್ಲ ಎಂದು ಆಕೆ ತನ್ನ ಬಾಯಿಂದಲೇ ಹೇಳುತ್ತಾಳೆ. ಆಕೆಯ ಬಾಯಿ ಮುಚ್ಚಿರುವ ವಿಡಿಯೋದಿಂದ ಅರ್ಧ ಪಾಠವಷ್ಟೇ ಸಿಕ್ಕೀತು.

ಮೂರನೆಯದು ಸಂಗೀತ. ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೆಜ್ಜೆ ಹಾಕಿಸುವ ವಿಡಿಯೋಗಳಿವೆ. ಹಿನ್ನೆಲೆಯಲ್ಲಿ ಯಾವುದೋ ಒಂದು ರಾಗ. ಅದು ಯಾರದ್ದೆಂದು ಹೇಳುವ ಸೌಜನ್ಯವೂ ಇಲ್ಲ. ಟ್ಯಾಂಗೋ ಕೂಟದಲ್ಲಿ ಒಂದೇ ವಾದ್ಯವೃಂದದ ಮೂರು ನಾಲ್ಕು ಹಾಡುಗಳನ್ನು ಒಟ್ಟಾಗಿ ನುಡಿಸುತ್ತಾರೆ. ಈ ಗುಚ್ಛಕ್ಕೆ ‘ತಾಂಡಾ’ ಎನ್ನುತ್ತಾರೆ. ಯಾವ ವೃಂದ ಎಂದು ಕೇಳಿಸಿಕೊಂಡ ಮೇಲೆ, ಈ ಸಂಗೀತಕ್ಕೆ ಯಾರ ಜೊತೆ ಕುಣಿಯಬೇಕು ಎಂದು ಜನ ಯೋಚಿಸುತ್ತಾರೆ. ಹುವಾನ್ ದಾರಿಯೆನ್ಸೊ ಅವರ ಚುರುಕು ತಾಳಕ್ಕೆ ಹಾಕುವ ಹೆಜ್ಜೆಯೇ ಬೇರೆ, ಕಾರ್ಲೋಸ್ ದಿ ಸಾರ್ಲಿ ಅವರ ಸಾವಧಾನದ ನಡಿಗೆಯೇ ಬೇರೆ. ಒಸ್ವಾಲ್ಡೊ ಪುಗ್ಲಿಯೇಸೆ ಅವರ ಸಂಗೀತದಲ್ಲಿ ತಾಳ ಹಿಗ್ಗುತ್ತದೆ, ತಡೆಯುತ್ತದೆ. ಅಲ್ಲಿ ಎಣಿಸುತ್ತ ಹೋದವನು ಎಡವುತ್ತಾನೆ. ಪುಗ್ಲಿಯೇಸೆ ಕಮ್ಯುನಿಸ್ಟರಾಗಿದ್ದರು, ಅದಕ್ಕಾಗಿ ಹಲವು ಬಾರಿ ಸೆರೆಮನೆ ಕಂಡರು. ಅವರು ಒಳಗಿದ್ದಾಗ ಅವರ ವೃಂದ ಪಿಯಾನೊದ ಮೇಲೆ ಒಂದು ಕೆಂಪು ಹೂವನ್ನಿಟ್ಟು ಅವರಿಲ್ಲದೆಯೇ ನುಡಿಸುತ್ತಿತ್ತು. ಹೆಜ್ಜೆ ಕಲಿಯುವವನಿಗೆ ಈ ಕತೆ ಯಾಕೆ ಎಂದು ಕೇಳಬಹುದು. ಇದು ತಿಳಿದರೆ ಕಾಲು ನೇರವಾಗಿ ಬೀಳುತ್ತದೆ ಎಂದೇನಲ್ಲ. ಆದರೆ ತಾನು ಯಾರ ಸೊತ್ತನ್ನು ಬಳಸುತ್ತಿದ್ದೇನೆ ಎಂಬ ಅರಿವು ಕಲಿಯುವವನಿಗೆ ಬೇಕು. ಹೆಜ್ಜೆಗೆ ಮೊದಲು ಹಾಡು ಕೇಳಿಸುವ, ವೃಂದದ ಹೆಸರು ಹೇಳುವ, ಇಲ್ಲಿ ಹೆಜ್ಜೆ ಬೇಡ ಸುಮ್ಮನೆ ನಿಲ್ಲಿ ಎನ್ನುವ ಶಿಕ್ಷಕರನ್ನು ಧೈರ್ಯವಾಗಿ ನಂಬಬಹುದು.

ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಎದುರಿಗೆ ನಿಂತು ತೋರಿಸಿದರೆ ಅವರ ಬಲ ನಮ್ಮ ಎಡವಾಗುತ್ತದೆ. ಅದೇ ಹೆಜ್ಜೆಯನ್ನು ಬೆನ್ನ ಹಿಂದಿನಿಂದಲೂ ಚಿತ್ರಿಸಿರಬೇಕು. ತಲೆಯಿಂದ ಪಾದದವರೆಗೆ ಇಡೀ ಮೈ ಕಾಣುವಂತೆ, ನಡುನಡುವೆ ಕತ್ತರಿಸದೆ ತೋರಿಸಿರಬೇಕು. ಪಾದವನ್ನಷ್ಟೇ ಹತ್ತಿರದಿಂದ ತೋರಿಸಿದರೆ, ಆ ಪಾದವನ್ನು ಚಲಿಸಿದ್ದು ಎದೆಯ ತಿರುವು ಎಂಬುದು ತಿಳಿಯುವುದೇ ಇಲ್ಲ. ಈಗ ತೂಕ ಯಾವ ಕಾಲಿನ ಮೇಲಿದೆ, ಯಾವ ಕಾಲು ಬಿಡುವಾಗಿದೆ ಎಂದು ಪ್ರತಿ ಹಂತದಲ್ಲೂ ಹೇಳಬೇಕು. ಮುಖ್ಯವಾಗಿ, ಹೆಜ್ಜೆ ಕೆಟ್ಟಾಗ ಏನು ಮಾಡಬೇಕೆಂದು ತೋರಿಸಬೇಕು. ತಪ್ಪನ್ನೇ ಮಾಡದ ಶಿಕ್ಷಕನ ವಿಡಿಯೋ ನೋಡಲು ಚೆಂದ, ಕಲಿಯಲು ಕಷ್ಟ. ಐವತ್ತು ಭಂಗಿಗಳನ್ನು ಕಲಿಸುತ್ತೇನೆ ಎನ್ನುವವರಿಗಿಂತ, ನಡಿಗೆಯೊಂದಕ್ಕೇ ಐದು ಪಾಠ ಕೊಡುವವರು ಮೇಲು. ಕಾರ್ಲೋಸ್ ಗವಿತೋ ಎಂಬ ಪ್ರಸಿದ್ಧ ನರ್ತಕರಿದ್ದರು, 2005ರಲ್ಲಿ ತೀರಿಕೊಂಡರು. ಅವರ ಹಳೆಯ ವಿಡಿಯೋಗಳಲ್ಲಿ ಮನಸ್ಸಿನಲ್ಲಿ ಉಳಿಯುವುದು ಅವರು ಹಾಕಿದ ಹೆಜ್ಜೆಗಳಿಗಿಂತ ಹೆಚ್ಚಾಗಿ, ಹಾಕದೆ ಬಿಟ್ಟ ಹೆಜ್ಜೆಗಳು.

ಇಷ್ಟೆಲ್ಲ ನೋಡಿ ಆರಿಸಿದ ವಿಡಿಯೋಗೂ ಒಂದು ಮಿತಿ ಇದೆ. ಕೂಟಕ್ಕೆ ಬಂದವರು ಜೊತೆಗಾರರನ್ನು ಕರೆಯುವ ಕ್ರಮವನ್ನೇ ನೋಡಿ. ಗಂಡಸು ಎದ್ದು ಹೋಗಿ ಕೈಚಾಚುವುದಿಲ್ಲ. ದೂರದಿಂದಲೇ ನೋಟ ಸೇರಬೇಕು, ತಲೆ ಸ್ವಲ್ಪ ಆಡಬೇಕು. ಆಕೆಯೂ ಒಪ್ಪಿದರೆ ಮಾತ್ರ ಇಬ್ಬರೂ ಏಳುತ್ತಾರೆ. ಇದಕ್ಕೆ ‘ಕಬೆಸೆಯೊ’ ಎನ್ನುತ್ತಾರೆ. ಇಷ್ಟವಿಲ್ಲದವಳು ನೋಟವನ್ನು ಬೇರೆಡೆಗೆ ಹೊರಳಿಸಿದರಾಯಿತು. ಯಾರಿಗೂ ಅವಮಾನವಿಲ್ಲ, ಯಾರ ಮೇಲೂ ಒತ್ತಾಯವಿಲ್ಲ. ಬೇಡ ಎನ್ನುವುದಕ್ಕೂ ಗೌರವದ ದಾರಿಯೊಂದನ್ನು ಆ ಸಮಾಜ ಕಂಡುಕೊಂಡಿದೆ. ಈ ನಿಯಮವನ್ನು ವಿಡಿಯೋ ವಿವರಿಸಬಲ್ಲದು. ಆದರೆ ನೋಟಕ್ಕೆ ಮರುನೋಟ ಸಿಗದಾಗ ಮನಸ್ಸಿಗಾಗುವ ಸಣ್ಣ ನೋವು, ಅದನ್ನು ನುಂಗಿಕೊಂಡು ಕೂರುವ ಸಂಯಮ ಜನರ ನಡುವೆಯೇ ಬರಬೇಕು. ಮೊಬೈಲಿನ ಪರದೆ ನಮ್ಮನ್ನು ಎಂದೂ ತಿರಸ್ಕರಿಸುವುದಿಲ್ಲ. ಬೇಕಾದಾಗ ನಿಲ್ಲಿಸಬಹುದು, ನಿಧಾನಗೊಳಿಸಬಹುದು, ನೂರು ಸಲ ಮರಳಿ ನೋಡಬಹುದು. ಮನುಷ್ಯರು ಹಾಗಿರುವುದಿಲ್ಲ ಎಂಬುದನ್ನು ಕಲಿಸುವ ನೃತ್ಯಕ್ಕೆ ಇದು ವಿಚಿತ್ರ ಗುರು.

ಬೆಂಗಳೂರಿನಲ್ಲೂ ಈಗ ಟ್ಯಾಂಗೋ ಕಲಿಯುವವರ ಸಣ್ಣ ಗುಂಪುಗಳಿವೆ. ಅಂಥ ಗುಂಪು ಹತ್ತಿರವಿದ್ದವರು ವಿಡಿಯೋವನ್ನು ಪಾಠ ಮುಗಿದ ಮೇಲೆ ನೆನಪು ಮಾಡಿಕೊಳ್ಳಲು ಬಳಸಲಿ. ಹತ್ತಿರ ಯಾರೂ ಇಲ್ಲದವರು ಒಬ್ಬರೇ ಕಲಿಯಹೊರಡದೆ, ಮನೆಯವರನ್ನೋ ಗೆಳೆಯರನ್ನೋ ಜೊತೆಗೆ ಸೇರಿಸಿಕೊಳ್ಳಲಿ. ಮೊದಲ ತಿಂಗಳು ಬರಿಯ ನಡಿಗೆ. ಸರದಿಯಂತೆ ಒಬ್ಬರು ಕಣ್ಣು ಮುಚ್ಚಿ ನಡೆಯಲಿ, ಇನ್ನೊಬ್ಬರು ನಡೆಸಲಿ. ಆಮೇಲೆ ಅದಲು ಬದಲು. ಇದಕ್ಕೆ ಹಣ ಬೇಡ, ಚಂದಾ ಬೇಡ, ಚೂಪು ಹಿಮ್ಮಡಿಯ ಬೂಟೂ ಬೇಡ. ಸಿನಿಮಾದ ಆ ಸೇನಾಧಿಕಾರಿ ಅಂಗಳದ ಅಳತೆಯನ್ನು ಪಕ್ಕದ ಹುಡುಗನನ್ನು ಕೇಳಿಯೇ ತಿಳಿದುಕೊಂಡದ್ದು.

ವಿಡಿಯೋ ಆರಿಸುವವರಿಗೆ ನಾವು ಕೊನೆಗೆ ಹೇಳುವುದು ಇಷ್ಟೇ. ಪಾಠ ಮುಗಿದಾಗ ಮುಂದಿನ ವಿಡಿಯೋ ಕೊಳ್ಳುವ ಆಸೆ ಹುಟ್ಟಿಸುವುದನ್ನು ಬದಿಗಿಡಿ. ಇದನ್ನು ಆರಿಸಿ ಎದ್ದು ಹೋಗಿ ಯಾರ ಜೊತೆಗಾದರೂ ನಾಲ್ಕು ಹೆಜ್ಜೆ ನಡೆಯೋಣ ಎನಿಸುವಂತೆ ಮಾಡುವುದನ್ನು ಇಟ್ಟುಕೊಳ್ಳಿ.